ಮಿದುಳಿಗೆ ಸಣ್ಣ ಕರೆಂಟ್ ಕೊಟ್ಟು ಸಂಪರ್ಕದ ನಕ್ಷೆ ಬರೆಯುತ್ತಾರಂತೆ, ತಿಳಿದವರು ದಯವಿಟ್ಟು ವಿವರಿಸಿ

ಮಂಡಕ್ಕಿ ಮನೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಹೈಸ್ಕೂಲಿನಿಂದಲೂ ಫಿಟ್ಸ್ ಇದೆ. ಮಾತ್ರೆ ಮೇಲೆ ಮಾತ್ರೆ ಬದಲಾಯಿಸಿದ್ದಾಯಿತು, ಪೂರ್ತಿ ನಿಲ್ಲಲಿಲ್ಲ. ನಮ್ಮದು ಮಂಡಕ್ಕಿ ಭಟ್ಟಿ. ಬೆಂಕಿ, ಕಾದ ಮರಳು, ಬಾಣಲೆ, ಇವುಗಳ ಹತ್ತಿರ ಅವನನ್ನು ಬಿಡುವ ಹಾಗಿಲ್ಲ. ಬೈಕ್ ಕೊಡುವ ಹಾಗಿಲ್ಲ. ವಯಸ್ಸಿನ ಹುಡುಗ ಗಲ್ಲಾ ಮುಂದೆ ಸುಮ್ನೆ ಕೂತಿರುತ್ತಾನೆ.

ಈಗ ಬೆಂಗಳೂರಿನಲ್ಲಿ ತೋರಿಸುತ್ತಿದ್ದೇವೆ. ಆಪರೇಷನ್ ಮಾಡಬಹುದೇನೋ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೂ ಮೊದಲು ತಲೆಬುರುಡೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಮಿದುಳಿನೊಳಗೆ ತೆಳುವಾದ ತಂತಿಗಳನ್ನು ಇಳಿಸಿ, ವಾರ ಹತ್ತು ದಿನ ವಾರ್ಡಿನಲ್ಲೇ ಇಟ್ಟುಕೊಳ್ಳುತ್ತಾರಂತೆ. ನಡುನಡುವೆ ಆ ತಂತಿಗಳ ಮೂಲಕ ಕರೆಂಟ್ ಕೊಟ್ಟು, ಮಿದುಳಿನ ಯಾವ ಭಾಗ ಯಾವುದಕ್ಕೆ ಸೇರಿದೆ ಅಂತ ಮ್ಯಾಪ್ ಮಾಡುತ್ತಾರಂತೆ. ಅಮ್ಮ ಕರೆಂಟ್ ಅನ್ನುವ ಮಾತು ಕೇಳಿದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಎಂಆರ್‌ಐ ತೆಗೆದಿದ್ದಾರೆ, ಇಇಜಿ ಆಗಿದೆ. ಅದರಲ್ಲಿ ಕಾಣದ್ದು ಈ ಕರೆಂಟಿನಲ್ಲಿ ಏನು ಕಾಣುತ್ತದೆ?

ಬಾಡಾ ಕ್ರಾಸ್

ಅಕ್ಕ, ಇದು ಶಾಕ್ ಟ್ರೀಟ್‌ಮೆಂಟ್ ಅಲ್ವಾ? ನಮ್ಮ ಪರಿಚಯದವರೊಬ್ಬರಿಗೆ ಹಿಂದೆ ಕೊಟ್ಟಿದ್ದರು. ಆಮೇಲೆ ಸ್ವಲ್ಪ ದಿನ ಮರೆವು ಜಾಸ್ತಿ ಇತ್ತು. ಹುಡುಗ ಇನ್ನೂ ಚಿಕ್ಕವನು, ಅವಸರ ಮಾಡಬೇಡಿ.

ಹರಿಹರದ ನ್ಯೂರೋ

ನಾನು ನ್ಯೂರಾಲಜಿ ಓದುತ್ತಿರುವ ಡಾಕ್ಟರು. ನಿಮ್ಮ ತಮ್ಮನ ಕೇಸ್ ಪೇಪರ್ ನಾನು ನೋಡಿಲ್ಲ. ಹಾಗಾಗಿ ಮಾಡಿಸಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಇದು ಏನು ಅನ್ನುವುದನ್ನಷ್ಟೇ ಹೇಳುತ್ತೇನೆ.

ಬಾಡಾ ಕ್ರಾಸ್ ಅಣ್ಣ, ಶಾಕ್ ಟ್ರೀಟ್‌ಮೆಂಟ್ ಬೇರೆ, ಇದು ಬೇರೆ. ಅಲ್ಲಿ ಅರಿವಳಿಕೆ ಕೊಟ್ಟು ತಲೆಯ ಹೊರಗಿನಿಂದ ಸುಮಾರು 800 ಮಿಲಿ ಆಂಪಿಯರ್ ಕರೆಂಟ್ ಹಾಯಿಸುತ್ತಾರೆ. ಬೇಕೆಂದೇ ಒಂದು ಫಿಟ್ಸ್ ಬರಿಸುತ್ತಾರೆ. ತೀವ್ರ ಖಿನ್ನತೆ ಇರುವವರಿಗೆ ಅದು ಜೀವ ಉಳಿಸುವ ಚಿಕಿತ್ಸೆ, ಅದಕ್ಕೂ ಹೆದರಬೇಕಿಲ್ಲ.

ಇಲ್ಲಿ ಇಳಿಸುವ ತಂತಿಯ ದಪ್ಪ ಸುಮಾರು 0.8 ಮಿಲಿಮೀಟರ್. ಅದರ ಉದ್ದಕ್ಕೂ 2 ಮಿಲಿಮೀಟರಿನ ಲೋಹದ ತುಂಡುಗಳು ಸಾಲಾಗಿ ಇರುತ್ತವೆ. ಪಕ್ಕಪಕ್ಕದ ಎರಡು ತುಂಡುಗಳ ನಡುವೆ ಕೆಲವೇ ಮಿಲಿ ಆಂಪಿಯರ್ ಹರಿಯುತ್ತದೆ. ಅದು ತಟ್ಟುವುದು ಅಲ್ಲೇ ಸುತ್ತಲಿನ ಸ್ವಲ್ಪ ಜಾಗಕ್ಕೆ. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ. ನೋವು ಇರುವುದು ನೆತ್ತಿಯ ಚರ್ಮದಲ್ಲಿ ಮತ್ತು ಮಿದುಳಿನ ಹೊರಪೊರೆಯಲ್ಲಿ. ತಂತಿ ಇಳಿಸುವಾಗ ಅರಿವಳಿಕೆ ಕೊಟ್ಟಿರುತ್ತಾರೆ. ಆಮೇಲೆ ಹುಡುಗ ಎಚ್ಚರವಾಗಿ ಹಾಸಿಗೆ ಮೇಲೆ ಮಾತಾಡಿಕೊಂಡು ಇರುತ್ತಾನೆ.

ಇದಕ್ಕೆ ಸ್ಟೀರಿಯೋ ಇಇಜಿ ಅನ್ನುತ್ತಾರೆ. ಪ್ಯಾರಿಸ್ಸಿನಲ್ಲಿ ಜೀನ್ ತಲೈರಾಕ್ ಮತ್ತು ಜೀನ್ ಬ್ಯಾನ್ಕೋ ಎಂಬ ಇಬ್ಬರು ವೈದ್ಯರು 1950ರ ದಶಕದ ಕೊನೆಯಿಂದ ಬೆಳೆಸಿಕೊಂಡು ಬಂದ ವಿಧಾನ.

ಯಾಕೆ ಇಷ್ಟೆಲ್ಲ? ಫಿಟ್ಸ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರೆಯಿಂದ ಪೂರ್ತಿ ಹಿಡಿತ ಸಿಗುವುದಿಲ್ಲ. ಅವರಲ್ಲಿ ಕೆಲವರಿಗೆ ಫಿಟ್ಸ್ ಹುಟ್ಟುವ ಜಾಗವನ್ನು ತೆಗೆದರೆ ಗುಣ ಆಗಬಹುದು. ತೆಗೆಯಬೇಕಾದ ಜಾಗ ಯಾವುದು, ಮುಟ್ಟಲೇಬಾರದ ಜಾಗ ಯಾವುದು, ಎರಡೂ ಖಚಿತ ಆಗಬೇಕು. ನೆತ್ತಿಯ ಮೇಲೆ ಅಂಟಿಸುವ ಇಇಜಿಗೆ ಒಳಗಿನ ವಿದ್ಯುತ್ ಚಟುವಟಿಕೆಯ ಸದ್ದು ಬುರುಡೆ ದಾಟಿ ಮಸುಕಾಗಿ ಕೇಳಿಸುತ್ತದೆ. ಆಳದಲ್ಲಿ ಶುರುವಾಗಿದ್ದರೆ ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ.

ದುರ್ಗದ ಮೇಷ್ಟ್ರು

ಎಂಆರ್‌ಐ ಬಗ್ಗೆ ನಾನು ಹೇಳುತ್ತೇನೆ ತಾಯಿ. ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು ನಾನು. ಮಿದುಳಿನ ವಿಷಯ ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೂರದ ಭಾಗಗಳನ್ನು ಜೋಡಿಸುವುದು ಒಳಗೆ ಹರಡಿರುವ ನರತಂತುಗಳ ಕಂತೆಗಳು. ಡಿಫ್ಯೂಷನ್ ಎಂಆರ್‌ಐ ಅಂತ ಒಂದಿದೆ. ನೀರಿನ ಕಣಗಳು ತಂತುವಿನ ಉದ್ದಕ್ಕೆ ಸಲೀಸಾಗಿ ಸರಿಯುತ್ತವೆ, ಅಡ್ಡಕ್ಕೆ ಅಷ್ಟು ಸರಿಯುವುದಿಲ್ಲ. ಅದನ್ನು ಅಳೆದು ಕಂಪ್ಯೂಟರು ಕಂತೆಗಳ ಗೆರೆ ಎಳೆಯುತ್ತದೆ. 2010ರಲ್ಲಿ ಅಮೆರಿಕದಲ್ಲಿ ಶುರುವಾದ ಹ್ಯೂಮನ್ ಕನೆಕ್ಟೋಮ್ ಪ್ರಾಜೆಕ್ಟ್ ಇದೇ ಬಗೆಯ ಸ್ಕ್ಯಾನುಗಳನ್ನು ಸುಮಾರು 1,200 ಆರೋಗ್ಯವಂತರಲ್ಲಿ ಮಾಡಿತು. ಬಹಳ ದೊಡ್ಡ ಕೆಲಸ ಅದು. ಆದರೂ ಎರಡು ಕಂತೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ಗೆರೆ ತಪ್ಪು ದಾರಿ ಹಿಡಿಯಬಹುದು. ಇಲ್ಲದ ಸಂಪರ್ಕ ಇದ್ದಂತೆ ಕಾಣಬಹುದು. ಸುದ್ದಿ ಈ ಕಡೆಯಿಂದ ಆ ಕಡೆಗೋ, ಆ ಕಡೆಯಿಂದ ಈ ಕಡೆಗೋ, ಅದಂತೂ ತಿಳಿಯುವುದೇ ಇಲ್ಲ.

ಇನ್ನೊಂದು ಫಂಕ್ಷನಲ್ ಎಂಆರ್‌ಐ. ಎರಡು ಜಾಗಗಳಲ್ಲಿ ರಕ್ತದ ಹರಿವು ಒಟ್ಟಿಗೆ ಏರಿಳಿದರೆ ಅವು ಜೊತೆಗೆ ಕೆಲಸ ಮಾಡುತ್ತಿವೆ ಅನ್ನುತ್ತೇವೆ. ಮೂರನೆಯ ಜಾಗವೊಂದು ಇಬ್ಬರಿಗೂ ಅಪ್ಪಣೆ ಕೊಡುತ್ತಿದ್ದರೂ ಹಾಗೇ ಕಾಣುತ್ತದೆ.

ದಾವಣಗೆರೆಯವರಿಗೆ ಭದ್ರಾ ನಾಲೆ ಗೊತ್ತಲ್ಲ. ಮೇಲಿನಿಂದ ಫೋಟೋ ತೆಗೆದರೆ ನಾಲೆ, ಉಪನಾಲೆ ಎಲ್ಲ ಕಾಣುತ್ತವೆ. ಕೊನೇ ಭಾಗದ ಗದ್ದೆಗೆ ನೀರು ಮುಟ್ಟುತ್ತದೋ ಇಲ್ಲವೋ ಅನ್ನುವುದು ಆ ಫೋಟೋದಲ್ಲಿ ಇಲ್ಲ. ಒಂದು ತೂಬು ಎತ್ತಿ ನೀರು ಬಿಡಬೇಕು. ಯಾವ ಗದ್ದೆಗೆ ಬಂತು, ಎಷ್ಟು ಹೊತ್ತಿಗೆ ಬಂತು, ಎಷ್ಟು ಬಂತು ಅಂತ ನಿಂತು ನೋಡಬೇಕು. ಕರೆಂಟ್ ಕೊಟ್ಟು ನೋಡುವುದು ಅಂದರೆ ಅದೇ. ಒಂದು ಕಡೆ ನಾವೇ ತಟ್ಟುತ್ತೇವೆ, ಉಳಿದ ನೂರಾರು ಬಿಂದುಗಳಲ್ಲಿ ಏನಾಯಿತು ಅಂತ ನೋಡುತ್ತೇವೆ. ಕಾರಣ ನಮ್ಮ ಕೈಯಲ್ಲೇ ಇರುವುದರಿಂದ ಪರಿಣಾಮ ಯಾವುದು ಅನ್ನುವುದರಲ್ಲಿ ಅನುಮಾನ ಕಡಿಮೆ.

ಚನ್ನಗಿರಿ ತೋಟ

ಮೇಷ್ಟ್ರೇ, ನಾಲೆ ನೀರು ಇಳಿಜಾರಿಗೆ ಮಾತ್ರ ಹರಿಯುತ್ತೆ. ಮಿದುಳಿನಲ್ಲೂ ಒಂದೇ ದಿಕ್ಕಾ? ಬಾಯಿ ಮಾತು ಕೇಳಿಸಿಕೊಳ್ಳೋದು ಒಂದು ಜಾಗ, ಮಾತಾಡೋದು ಇನ್ನೊಂದು ಜಾಗ ಅಂತ ಪಿಯುಸಿಯಲ್ಲಿ ಓದಿದ ನೆನಪು.

ಹರಿಹರದ ನ್ಯೂರೋ

ಒಳ್ಳೆಯ ಜಾಗಕ್ಕೇ ಕೈ ಹಾಕಿದಿರಿ. ಕಿವಿಯ ಹಿಂಭಾಗದ ವೆರ್ನಿಕೆ ಪ್ರದೇಶ ಅರ್ಥ ಮಾಡಿಕೊಳ್ಳುತ್ತದೆ, ಹಣೆಯ ಬದಿಯ ಬ್ರೋಕಾ ಪ್ರದೇಶ ಮಾತಾಡಿಸುತ್ತದೆ, ಸುದ್ದಿ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ ಅಂತ ಬಹಳ ಕಾಲ ಪಾಠ ಮಾಡುತ್ತಿದ್ದರು. 2004ರಲ್ಲಿ ರಿಕಿ ಮತ್ಸುಮೊಟೊ ಮತ್ತು ಜೊತೆಗಾರರು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಫಿಟ್ಸ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಮಿದುಳಿನ ಮೇಲೆ ಮೊದಲೇ ಇಟ್ಟಿದ್ದ ಎಲೆಕ್ಟ್ರೋಡುಗಳಿಂದ ಮುಂದಿನ ಮಾತಿನ ಜಾಗಕ್ಕೆ ಒಂದೊಂದೇ ಪಲ್ಸ್, ಅಂದರೆ ಕ್ಷಣಮಾತ್ರದ ಕರೆಂಟ್ ತಟ್ಟು, ಕೊಟ್ಟರು. ಹಿಂದಿನ ಜಾಗದಲ್ಲಿ ಅಲೆ ಎದ್ದಿತು. ಹಿಂದಿನ ಜಾಗಕ್ಕೆ ಕೊಟ್ಟರೆ ಮುಂದೆಯೂ ಎದ್ದಿತು. ಅಂದರೆ ಹೋಗುವುದೂ ಇದೆ, ಬರುವುದೂ ಇದೆ.

ಆ ಅಲೆಗೆ ಸಿಸಿಇಪಿ (ಕಾರ್ಟಿಕೋ-ಕಾರ್ಟಿಕಲ್ ಇವೋಕ್ಡ್ ಪೊಟೆನ್ಷಿಯಲ್) ಅನ್ನುತ್ತೇವೆ. ಪಲ್ಸ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು, ಇಲ್ಲವೇ ಅದಕ್ಕಿಂತಲೂ ಚಿಕ್ಕದು. ಸೆಕೆಂಡಿಗೊಂದು, ಇಲ್ಲವೇ ಇನ್ನೂ ನಿಧಾನಕ್ಕೆ ಕೊಡುತ್ತಾರೆ. ಒಂದು ಸಲಕ್ಕೆ ಉತ್ತರ ಸರಿಯಾಗಿ ಕಾಣುವುದಿಲ್ಲ, ಮಿದುಳಿನ ಸ್ವಂತ ಚಟುವಟಿಕೆಯಲ್ಲಿ ಮುಳುಗಿರುತ್ತದೆ. ಹತ್ತಾರು ಸಲ ಕೊಟ್ಟು ಸರಾಸರಿ ತೆಗೆದರೆ ಎದ್ದು ಕಾಣುತ್ತದೆ. ಪಲ್ಸ್ ಆದ 10ರಿಂದ 50 ಮಿಲಿಸೆಕೆಂಡಿನೊಳಗೆ ಒಂದು ಚೂಪಾದ ಅಲೆ, ಆಮೇಲೆ ನಿಧಾನದ ಇನ್ನೊಂದು ಅಲೆ. ಮೊದಲನೆಯದು ಎಷ್ಟು ಬೇಗ ಬಂತು ಅನ್ನುವುದರಿಂದ ದಾರಿ ಎಷ್ಟು ನೇರ ಇದೆ ಅಂತ ಅಂದಾಜು ಮಾಡುತ್ತಾರೆ. ಈ ಪಲ್ಸುಗಳು ರೋಗಿಗೆ ಸಾಮಾನ್ಯವಾಗಿ ಗೊತ್ತೂ ಆಗುವುದಿಲ್ಲ.

ಇದರಲ್ಲಿ ನಿಮ್ಮ ತಮ್ಮನಿಗೆ ನೇರವಾಗಿ ಸಂಬಂಧಪಟ್ಟದ್ದು ಒಂದಿದೆ ಅಕ್ಕ. ಲಂಡನ್ನಿನ ತಂಡವೊಂದು 2002ರಲ್ಲಿ ಗಮನಿಸಿದ್ದು: ಪಲ್ಸ್ ಆಗಿ 100 ಮಿಲಿಸೆಕೆಂಡ್ ಕಳೆದ ಮೇಲೆ, ತಡವಾಗಿ, ಫಿಟ್ಸಿನಂಥ ಚೂಪು ಅಲೆ ಏಳುವ ಜಾಗಗಳು ಫಿಟ್ಸ್ ಹುಟ್ಟುವ ಜಾಗದ ಜೊತೆ ಚೆನ್ನಾಗಿ ಹೊಂದುತ್ತವೆ. ಆದ್ದರಿಂದ ಈ ನಕ್ಷೆ ಬರೀ ವಿಜ್ಞಾನಿಗಳ ಕುತೂಹಲಕ್ಕೆ ಅಂದುಕೊಳ್ಳಬೇಡಿ.

ಎರಡನೇ ಬಗೆ 50 ಹರ್ಟ್ಸ್ ಕರೆಂಟ್, ಅಂದರೆ ಸೆಕೆಂಡಿಗೆ 50 ಪಲ್ಸ್. ಇದನ್ನು ಒಂದೇ ಸಮ ಕೆಲವು ಸೆಕೆಂಡ್ ಕೊಡುತ್ತಾರೆ. ಆ ಜಾಗದ ಕೆಲಸ ಅಷ್ಟು ಹೊತ್ತು ಅಡ್ಡಿಯಾಗುತ್ತದೆ, ಇಲ್ಲವೇ ತಾನಾಗಿ ನಡೆಯುತ್ತದೆ. ಕೈ ಅಲುಗಬಹುದು, ಮಾತು ನಿಲ್ಲಬಹುದು. ಮುಟ್ಟಬಾರದ ಜಾಗ ಗೊತ್ತಾಗುವುದು ಹೀಗೆ.

ಜೋಗಿಮಟ್ಟಿ

ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ. ನಾನು ಒಂದು ಕಹಿ ಸತ್ಯ ಹೇಳಲೇಬೇಕು. 1874ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ರಾಬರ್ಟ್ಸ್ ಬಾರ್ತೊಲೊ ಎಂಬ ವೈದ್ಯ ಮೇರಿ ರಾಫರ್ಟಿ ಎಂಬ ಹೆಣ್ಣುಮಗಳ ಮಿದುಳಿಗೆ ಸೂಜಿ ಚುಚ್ಚಿ ಕರೆಂಟ್ ಕೊಟ್ಟ. ಅವಳ ತಲೆಬುರುಡೆ ಹುಣ್ಣಿನಿಂದ ತೂತಾಗಿತ್ತು, ಬದುಕುವುದು ಕಷ್ಟವಿತ್ತು. ಚಿಕಿತ್ಸೆಗಾಗಿ ಕೊಟ್ಟ ಕರೆಂಟ್ ಅಲ್ಲ ಅದು. ಅವಳಿಗೆ ಫಿಟ್ಸ್ ಬಂತು, ಕೆಲವೇ ದಿನದಲ್ಲಿ ತೀರಿಕೊಂಡಳು. ಮನುಷ್ಯರ ಮಿದುಳಿಗೆ ಹೀಗೆ ನೇರವಾಗಿ ಕರೆಂಟ್ ಕೊಟ್ಟು ಬರೆದಿಟ್ಟ ಮೊದಲ ದಾಖಲೆಯೇ ಇದು. ಆ ಕಾಲದ ವೈದ್ಯರೇ ಅವನನ್ನು ಛೀಮಾರಿ ಹಾಕಿದರು. ಬಡವರು, ಓದು ಬರದವರು ಆಸ್ಪತ್ರೆಗೆ ಹೋದಾಗ ಯಾವುದು ಚಿಕಿತ್ಸೆ, ಯಾವುದು ಪ್ರಯೋಗ ಅಂತ ಅವರಿಗೆ ಯಾರು ಹೇಳುತ್ತಾರೆ? ಇದನ್ನು ಕೇಳದೆ ಸಹಿ ಹಾಕಬೇಡಿ.

ದುರ್ಗದ ಮೇಷ್ಟ್ರು

ಜೋಗಿಮಟ್ಟಿಯವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೇರಿ ರಾಫರ್ಟಿಯ ಹೆಸರು ಈ ವಿಷಯ ಕಲಿಯುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಅದಾದ ಮೇಲಿನ ದಾರಿ ಬೇರೆಯಾಯಿತು ಅನ್ನುವುದನ್ನೂ ಹೇಳಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಫಿಟ್ಸ್ ರೋಗಿಗಳಿಗೆ ನೆತ್ತಿಗಷ್ಟೇ ಮರಗಟ್ಟಿಸಿ, ಎಚ್ಚರ ಇರುವಾಗಲೇ ಆಪರೇಷನ್ ಮಾಡುತ್ತಿದ್ದರು. ಒಂದೊಂದು ಜಾಗಕ್ಕೆ ಮೆಲ್ಲಗೆ ಕರೆಂಟ್ ಮುಟ್ಟಿಸಿ ‘ಈಗೇನಾಯ್ತು’ ಅಂತ ರೋಗಿಯನ್ನೇ ಕೇಳುತ್ತಿದ್ದರು. ಉತ್ತರ ಬಂದ ಜಾಗದಲ್ಲಿ ಪುಟ್ಟ ನಂಬರ್ ಚೀಟಿ ಇಡುತ್ತಿದ್ದರು. ರೋಗಿಯ ಕೈಕಾಲು, ಮಾತು ಉಳಿಸುವುದಕ್ಕೇ ಅದನ್ನು ಮಾಡಿದ್ದು. 1937ರಲ್ಲಿ ಅವರು ಮತ್ತು ಎಡ್ವಿನ್ ಬೋಲ್ಡ್ರೆ ನೂರಕ್ಕೂ ಹೆಚ್ಚು ರೋಗಿಗಳ ವಿವರ ಸೇರಿಸಿ ಪ್ರಕಟಿಸಿದರು. ತುಟಿ, ನಾಲಿಗೆ, ಹೆಬ್ಬೆರಳು ದೊಡ್ಡದಾಗಿ ಇರುವ ಆ ವಿಚಿತ್ರ ಮನುಷ್ಯನ ಚಿತ್ರ ಎಲ್ಲರ ಪಠ್ಯದಲ್ಲೂ ಇದೆ. ಅದು ಬಂದದ್ದು ಅಲ್ಲಿಂದ.

ನಮ್ಮ ದೇಶಕ್ಕೂ ಆ ಬಳ್ಳಿ ಹಬ್ಬಿದೆ. ಅದೇ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಬಳಿ ಕಲಿತ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಭಾರತದ ಮೊದಲ ನ್ಯೂರೋಸರ್ಜರಿ ವಿಭಾಗ ಕಟ್ಟಿದರು. ಮಿದುಳಿನ ಆಪರೇಷನ್ ಅಂದರೆ ವಿದೇಶವೇ ಅನ್ನುವ ಕಾಲ ಆಗಲೇ ಮುಗಿಯತೊಡಗಿತ್ತು. ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ ಆಗುತ್ತದೆ.

ಹೊಳಲ್ಕೆರೆ ಸುಮ

ನನಗೆ ಇದನ್ನು ಮಾಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತಂತಿ ಇಳಿಸಿದ ಮೊದಲ ದಿನ ತಲೆನೋವು ಇತ್ತು, ಮಾತ್ರೆ ಕೊಟ್ಟರು, ಕಡಿಮೆಯಾಯಿತು. ಆಮೇಲೆ ಬೇಸರವೇ ಜಾಸ್ತಿ. ತಲೆಗೆಲ್ಲ ಬ್ಯಾಂಡೇಜ್, ಎದುರಿಗೆ ಕ್ಯಾಮೆರಾ. ಫಿಟ್ಸ್ ಬರಲಿ ಅಂತ ಮಾತ್ರೆ ಕಡಿಮೆ ಮಾಡುತ್ತಾರೆ. ಬಂದ ಕೂಡಲೇ ಒತ್ತೋಕೆ ಒಂದು ಬಟನ್ ಇರುತ್ತದೆ. ನನ್ನ ಯಜಮಾನರು ಅದನ್ನು ಹಿಡಿದುಕೊಂಡೇ ಕೂತಿರುತ್ತಿದ್ದರು.

ಕರೆಂಟ್ ಪರೀಕ್ಷೆ ಮಾಡುವ ದಿನ ಡಾಕ್ಟರು ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ತೋರಿಸಿದರು. ನಾನು ಹೆಸರು ಹೇಳಬೇಕು. ಕೊಡೆ, ಬೀಗ, ಬಾಳೆಹಣ್ಣು, ಹೀಗೆ. ಒಂದು ಕಡೆ ಕೊಟ್ಟಾಗ ನನ್ನ ಬಲಗೈ ಬೆರಳು ತಾನಾಗಿ ಮಡಚಿಕೊಂಡಿತು. ಇನ್ನೊಂದು ಕಡೆ ಕೊಟ್ಟಾಗ ಬಾಚಣಿಗೆ ಚಿತ್ರ ಎದುರಿಗಿತ್ತು. ಅದರಿಂದ ಏನು ಮಾಡುತ್ತಾರೆ ಅಂತ ಗೊತ್ತು. ಹೆಸರು ಬಾಯಿಗೆ ಬರಲೇ ಇಲ್ಲ. ನಿಲ್ಲಿಸಿದ ಕೂಡಲೇ ಬಂತು. ಭಯ ಆಗಲಿಲ್ಲ, ಆಶ್ಚರ್ಯ ಆಯಿತು. ತುಂಬಾ ಸಲ ಕೊಟ್ಟಾಗ ಏನೂ ಆಗಲೇ ಇಲ್ಲ. ನೋವು ಯಾವಾಗಲೂ ಇರಲಿಲ್ಲ. ಒಂದು ಸಲ ನನ್ನ ಮಾಮೂಲಿ ಫಿಟ್ಸಿನ ಮುಂಚೆ ಹೊಟ್ಟೆಯಿಂದ ಏನೋ ಎದ್ದ ಹಾಗೆ ಆಗುತ್ತದಲ್ಲ, ಅದೇ ಬಂತು. ಡಾಕ್ಟರಿಗೆ ಹೇಳಿದೆ. ಅವರಿಗೆ ಬಹಳ ಬೇಕಾಗಿದ್ದ ಸುಳಿವು ಅದೇ ಅಂತೆ.

ಆಮೇಲೆ ಆಪರೇಷನ್ ಆಯಿತು. ಮಾತ್ರೆ ಈಗಲೂ ಇದೆ. ಫಿಟ್ಸ್ ನಿಂತಿದೆ. ಇನ್ನೊಂದು ವಿಷಯ. ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಹೆಣ್ಣುಮಕ್ಕಳಾದರೆ ಮದುವೆ ಹೊತ್ತಿಗೆ ಮುಚ್ಚಿಡುತ್ತಾರೆ. 1999ರಲ್ಲಿ ಹಿಂದೂ ಮದುವೆ ಕಾನೂನಿನಿಂದಲೇ ಫಿಟ್ಸ್ ಅನ್ನುವ ಅಡ್ಡಿಯನ್ನು ತೆಗೆದು ಹಾಕಿದ್ದಾರೆ. ಇದು ಎಷ್ಟು ಜನಕ್ಕೆ ಗೊತ್ತು? ತಮ್ಮನ ಮದುವೆ ಮಾತು ಬಂದಾಗ ನೆನಪಿರಲಿ.

ಮಂಡಕ್ಕಿ ಮನೆ, ದಾವಣಗೆರೆ

ಸುಮಕ್ಕ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಇನ್ನೊಂದು ಅನುಮಾನ. ತಮ್ಮ ಮನೆಯಲ್ಲಿ ಕನ್ನಡ, ಭಟ್ಟಿಯಲ್ಲಿ ಕೆಲಸದವರ ಜೊತೆ ಉರ್ದು. ಎರಡೂ ಅವನಿಗೆ ನೀರು ಕುಡಿದ ಹಾಗೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾಡಿದರೆ ಏನು ಗತಿ?

ಹರಿಹರದ ನ್ಯೂರೋ

ಎರಡೂ ಭಾಷೆ ಬರುತ್ತದೆ ಅಂತ ಮೊದಲೇ ಹೇಳಿ, ಖಂಡಿತ ಹೇಳಿ. 1978ರಲ್ಲೇ ಸಿಯಾಟಲ್‌ನ ಜಾರ್ಜ್ ಓಜೆಮನ್ ಮತ್ತು ಹ್ಯಾರಿ ವಿಟೇಕರ್ ಎರಡು ಭಾಷೆ ಬಲ್ಲ ರೋಗಿಗಳಲ್ಲಿ ತೋರಿಸಿದ್ದಾರೆ. ಕೆಲವು ಜಾಗಕ್ಕೆ ಕರೆಂಟ್ ಕೊಟ್ಟರೆ ಎರಡೂ ಭಾಷೆ ತಡವರಿಸುತ್ತದೆ, ಕೆಲವು ಜಾಗದಲ್ಲಿ ಒಂದೇ ಭಾಷೆ. ಒಂದರಲ್ಲಷ್ಟೇ ಪರೀಕ್ಷಿಸಿದರೆ ಇನ್ನೊಂದರ ಜಾಗ ಕಣ್ಣು ತಪ್ಪಬಹುದು. ದಾವಣಗೆರೆ ಜಿಲ್ಲೆಯಲ್ಲಿ ಲಂಬಾಣಿ, ತೆಲುಗು, ಮರಾಠಿ ಮನೆಮಾತಿನವರೂ ಬಹಳ ಇದ್ದಾರೆ. ಚಿತ್ರಗಳೂ ರೋಗಿ ದಿನಾ ನೋಡುವ ವಸ್ತುಗಳದ್ದೇ ಇರಬೇಕು. ಕಂಡಿರದ ವಸ್ತು ತೋರಿಸಿ ಹೆಸರು ಬರಲಿಲ್ಲ ಅಂದರೆ ಕರೆಂಟಿನಿಂದ ಬರಲಿಲ್ಲವೋ, ಗೊತ್ತಿಲ್ಲದೆ ಬರಲಿಲ್ಲವೋ? ಅದಕ್ಕೇ ಮೊದಲು ಕರೆಂಟ್ ಇಲ್ಲದೆ ಎಲ್ಲ ಚಿತ್ರ ಹೇಳಿಸಿ, ತಡವರಿಸಿದವನ್ನು ತೆಗೆದುಹಾಕುತ್ತಾರೆ.

ಓಜೆಮನ್ 1989ರಲ್ಲಿ 117 ರೋಗಿಗಳ ಮಾತಿನ ನಕ್ಷೆ ಪ್ರಕಟಿಸಿದರು. ಒಬ್ಬರ ಹಾಗೆ ಇನ್ನೊಬ್ಬರದಿಲ್ಲ. ಪುಸ್ತಕದಲ್ಲಿ ಬ್ರೋಕಾ ಇಲ್ಲಿದೆ ಅಂತ ಬರೆದಿದೆ ಅಂತ ಕತ್ತರಿ ಹಾಕುವ ಹಾಗಿಲ್ಲ. ನನ್ನ ಪ್ರಕಾರ ನಿಮ್ಮ ಮೊದಲ ಪ್ರಶ್ನೆಗೆ ಅತಿ ಮುಖ್ಯವಾದ ಉತ್ತರ ಇದೇ. ನಿಮ್ಮ ತಮ್ಮನ ನಕ್ಷೆ ನಿಮ್ಮ ತಮ್ಮನ ತಲೆಯಲ್ಲೇ ಇದೆ, ಅಲ್ಲೇ ಕೇಳಿ ತಿಳಿಯಬೇಕು.

ಒಳಗಿನ ನರತಂತುಗಳ ವಿಷಯದಲ್ಲೂ ಹಾಗೇ. ಫ್ರಾನ್ಸಿನ ಮೊಂಪೆಲಿಯೆಯ ಸರ್ಜನ್ ಹ್ಯೂಗ್ ಡುಫೊ ಗಡ್ಡೆ ತೆಗೆಯುವಾಗ ರೋಗಿಯನ್ನು ಮಾತಾಡಿಸುತ್ತಾ ಕಂತೆಗಳಿಗೇ ಕರೆಂಟ್ ಮುಟ್ಟಿಸುತ್ತಾರೆ. ಒಂದು ಕಂತೆಗೆ ಮುಟ್ಟಿಸಿದರೆ ಅಕ್ಷರ ಅದಲುಬದಲಾಗುತ್ತದೆ. ಇನ್ನೊಂದಕ್ಕೆ ಮುಟ್ಟಿಸಿದರೆ ಅರ್ಥವೇ ಪಕ್ಕಕ್ಕೆ ಸರಿಯುತ್ತದೆ, ಹುಲಿ ಚಿತ್ರಕ್ಕೆ ಸಿಂಹ ಅಂದ ಹಾಗೆ.

ಬಾಡಾ ಕ್ರಾಸ್

ಹಾಗಾದರೆ ಕರೆಂಟ್ ಕೊಟ್ಟು ಮನಸ್ಸಿನಲ್ಲಿ ಇರೋದನ್ನ ಓದಬಹುದಾ?

ದುರ್ಗದ ಮೇಷ್ಟ್ರು

ಇಲ್ಲಪ್ಪ. ಯಾವ ಜಾಗ ಯಾವುದಕ್ಕೆ ಸೇರಿದೆ ಅನ್ನುವುದು ಗೊತ್ತಾಗುತ್ತದೆ, ಏನು ಯೋಚಿಸುತ್ತಿದ್ದಾನೆ ಅನ್ನುವುದಲ್ಲ. ಆದರೆ ಮೈ ಜುಂ ಅನ್ನುವ ಸಂಗತಿ ಒಂದಿದೆ. 2009ರಲ್ಲಿ ಫ್ರಾನ್ಸಿನ ಲಿಯೋನ್‌ನ ಸಂಶೋಧಕರು ಎಚ್ಚರದ ಆಪರೇಷನ್ನಿನಲ್ಲಿ ಕಂಡದ್ದು. ಮಿದುಳಿನ ನಡುನೆತ್ತಿಯ ಹಿಂದಿನ ಭಾಗಕ್ಕೆ ಕರೆಂಟ್ ಕೊಟ್ಟಾಗ ಕೈ ಆಡಿಸಬೇಕು ಅನ್ನುವ ಆಸೆ ಹುಟ್ಟಿತು. ಸ್ವಲ್ಪ ಹೆಚ್ಚಿಸಿದಾಗ ಆಡಿಸಿಯೇ ಬಿಟ್ಟೆ ಅಂದರು ರೋಗಿಗಳು, ಕೈ ಮಾತ್ರ ಅಲುಗಿರಲಿಲ್ಲ. ಮುಂದಿನ ಭಾಗಕ್ಕೆ ಕೊಟ್ಟಾಗ ಕೈ ಆಡಿತು, ಆಡಿದ್ದು ಅವರಿಗೆ ತಿಳಿಯಲಿಲ್ಲ. ಬೇಕು ಅನಿಸುವುದು ಒಂದು ಕಡೆ, ನಡೆಯುವುದು ಇನ್ನೊಂದು ಕಡೆ. ನಾನು ಇದನ್ನು ಎಷ್ಟೋ ಸಲ ಓದಿದ್ದೇನೆ, ಪ್ರತಿ ಸಲವೂ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಡುತ್ತೇನೆ.

ಜೋಗಿಮಟ್ಟಿ

ಇಷ್ಟೆಲ್ಲ ಮಾಹಿತಿ ಆಮೇಲೆ ಎಲ್ಲಿ ಹೋಗುತ್ತದೆ?

ದುರ್ಗದ ಮೇಷ್ಟ್ರು

ರೋಗಿಗಳು ಒಪ್ಪಿದ್ದನ್ನು ಹೆಸರು ತೆಗೆದು ಒಟ್ಟು ಸೇರಿಸುವ ಕೆಲಸ ನಡೆದಿದೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಒಲಿವಿಯೆ ಡೇವಿಡ್ ನಡೆಸಿದ ಎಫ್-ಟ್ರ್ಯಾಕ್ಟ್ ಯೋಜನೆ ಹಲವು ಆಸ್ಪತ್ರೆಗಳ ನೂರಾರು ರೋಗಿಗಳ ಸಿಸಿಇಪಿ ಸೇರಿಸಿ ಒಂದು ನಕ್ಷೆ ಮಾಡಿದೆ. ಈ ಭಾಗಕ್ಕೆ ತಟ್ಟಿದರೆ ಆ ಭಾಗದಲ್ಲಿ ಉತ್ತರ ಬರುವ ಸಾಧ್ಯತೆ ಎಷ್ಟು, ಎಷ್ಟು ಮಿಲಿಸೆಕೆಂಡಿಗೆ, ಎಲ್ಲ ಅದರಲ್ಲಿದೆ. ಯಾರು ಬೇಕಾದರೂ ನೋಡಬಹುದು. ಅಮೆರಿಕದ ಅಯೋವಾದಲ್ಲಿ ಮಿದುಳಿಗೆ ಕರೆಂಟ್ ಕೊಡುತ್ತಲೇ ಎಂಆರ್‌ಐ ತೆಗೆದಿದ್ದಾರೆ. 26 ರೋಗಿಗಳ ಆ ಮಾಹಿತಿಯನ್ನು 2020ರಲ್ಲಿ ಎಲ್ಲರಿಗೂ ತೆರೆದಿಟ್ಟರು.

ಕೊರತೆಯೂ ಇದೆ. ಇವೆಲ್ಲ ಫಿಟ್ಸ್ ಇರುವ ಮಿದುಳುಗಳ ನಕ್ಷೆ. ಆರೋಗ್ಯವಂತರ ತಲೆಗೆ ಸುಮ್ನೆ ತಂತಿ ಇಳಿಸುವ ಹಾಗಿಲ್ಲ, ಇಳಿಸಲೂಬಾರದು. ಚಿಕಿತ್ಸೆಗೆ ಬೇಕಾದ ಕಡೆ ಮಾತ್ರ ತಂತಿ ಇರುವುದರಿಂದ ಎಷ್ಟೋ ಭಾಗ ಖಾಲಿ ಉಳಿಯುತ್ತದೆ. ನಮಗೆ ಮನುಷ್ಯನ ಮಿದುಳಿನ ಬಗ್ಗೆ ಇಷ್ಟು ಖಚಿತವಾಗಿ ತಿಳಿದಿರುವುದು ಕಾಯಿಲೆಯ ನಡುವೆಯೂ ‘ಆಗಲಿ, ನೋಡಿಕೊಳ್ಳಿ’ ಅಂದವರಿಂದ. ಸುಮ ಅವರಂಥವರಿಂದ. ಅವರಿಗೆ ವಿಜ್ಞಾನ ಬಹಳ ಋಣಿ.

ಹರಿಹರದ ನ್ಯೂರೋ

ಮಂಡಕ್ಕಿ ಮನೆ ಅಕ್ಕ, ಸಹಿ ಹಾಕುವ ಮೊದಲು ಇಷ್ಟು ಕೇಳಿ. ರಕ್ತಸ್ರಾವ, ಸೋಂಕಿನ ಅಪಾಯ ಎಷ್ಟು? ದೊಡ್ಡ ಲೆಕ್ಕದಲ್ಲಿ ರಕ್ತಸ್ರಾವ ನೂರಕ್ಕೆ ಸುಮಾರು ಒಬ್ಬರಿಗೆ, ಸೋಂಕು ಅದಕ್ಕಿಂತ ಸ್ವಲ್ಪ ಕಡಿಮೆ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ಅಂತ ಅವರೇ ಹೇಳಬೇಕು. ಕರೆಂಟಿನಿಂದಲೇ ಫಿಟ್ಸ್ ಬರಬಹುದು, ಆಗ ಏನು ಮಾಡುತ್ತಾರೆ? ಎಲ್ಲ ಪರೀಕ್ಷೆ ಮುಗಿದ ಮೇಲೆ ಆಪರೇಷನ್ ಬೇಡ ಅನ್ನುವ ತೀರ್ಮಾನವೂ ಬರಬಹುದು. ಫಿಟ್ಸ್ ಹುಟ್ಟುವ ಜಾಗವೂ ಮಾತಿನ ಜಾಗವೂ ಒಂದೇ ಆಗಿದ್ದರೆ ಹಾಗಾಗುತ್ತದೆ. ಆ ಮಾತಿಗೂ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಚಿಕಿತ್ಸೆಯ ಒಪ್ಪಿಗೆ ಪತ್ರ ಬೇರೆ, ಸಂಶೋಧನೆಯದು ಬೇರೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಸಂಶೋಧನೆಯ ಒಪ್ಪಿಗೆಯನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿ ಪಡೆಯಬೇಕು. ಬೇಡ ಅನ್ನಬಹುದು, ನಡುವೆ ಹಿಂದೆ ಸರಿಯಬಹುದು, ಚಿಕಿತ್ಸೆ ಅದರಿಂದ ನಿಲ್ಲಬಾರದು. ಸಹಿ ಹಾಕುವವನು ನಿಮ್ಮ ತಮ್ಮ. ಅವನ ಎದುರಿಗೇ, ಅವನಿಗೇ ವಿವರಿಸಲು ಹೇಳಿ. ಖರ್ಚಿಗೆ ಆಯುಷ್ಮಾನ್ ಕೌಂಟರಿನಲ್ಲಿ ದಾಖಲಾಗುವ ಮುಂಚೆಯೇ ವಿಚಾರಿಸಿ.

ಹೊಳಲ್ಕೆರೆ ಸುಮ

ಫಿಟ್ಸ್ ಬಂದಾಗ ತೆಗೆದ ಮೊಬೈಲ್ ವಿಡಿಯೋ ಇದ್ದರೆ ಅಳಿಸಬೇಡಿ, ಡಾಕ್ಟರಿಗೆ ತೋರಿಸಿ. ಮುಂದೆ ಗುಂಡಿ ಇರುವ ಅಂಗಿಗಳನ್ನೇ ಒಯ್ಯಿರಿ. ತಲೆ ಮೇಲಿಂದ ಹಾಕುವ ಟೀ ಶರ್ಟು ಬ್ಯಾಂಡೇಜ್ ಇರುವಾಗ ಆಗುವುದಿಲ್ಲ. ರಾತ್ರಿ ಬಟನ್ ಹಿಡಿದು ಕೂರೋಕೆ ಇಬ್ಬರಾದರೂ ಬೇಕು, ಪಾಳಿ ಹಾಕಿಕೊಳ್ಳಿ. ಅಮ್ಮನಿಗೆ ಮಾತಾಡಬೇಕು ಅನಿಸಿದರೆ ನನಗೆ ಮೆಸೇಜ್ ಮಾಡಿ, ನಾನೇ ಫೋನ್ ಮಾಡುತ್ತೇನೆ.